ಅಮೆರಿಕದ ಅಂತರ್ಯುದ್ಧದ ಮೆಡಲ್ ಆಫ್ ಆನರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಗೆಟಿಸ್‌ಬರ್ಗ್ ರಣಭೂಮಿ ಸುತ್ತಿ ಬಂದವರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರೆ. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ‘ಮೆಡಲ್ ಆಫ್ ಆನರ್’. ನಮ್ಮ ಪರಮವೀರ ಚಕ್ರದಂಥದ್ದು ಎಂದು ಯಾರಾದರೂ ಹೇಳುತ್ತಾರೆ. ಆಮೇಲೆ ಆ ಒಂದೇ ಯುದ್ಧಕ್ಕೆ ಎಷ್ಟು ಕೊಟ್ಟರು ಎಂದು ಕೇಳಿದಾಗ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಕೆಳಗಿನ ಉತ್ತರಗಳನ್ನು ಓದುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ: ಪ್ರತಿ ಹೆಸರಿನ ಜೊತೆಗೆ ಎರಡು ತಾರೀಖು ನೋಡಿ. ಸಾಹಸ ನಡೆದ ದಿನ ಒಂದು, ಪದಕ ಕೈಗೆ ಬಂದ ದಿನ ಇನ್ನೊಂದು. ಅರ್ಧ ಕಥೆ ಈ ಎರಡರ ನಡುವಿನ ಅಂತರದಲ್ಲೇ ಇದೆ.

ಇದು ಯಾವ ಯುದ್ಧ?

1861ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರುವುದರೊಂದಿಗೆ ಶುರುವಾಗಿ, 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಸೇನಾನಿ ಜನರಲ್ ಲೀ ಶರಣಾದಾಗ ಬಹುಪಾಲು ಮುಗಿದ ಯುದ್ಧ. ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ 11 ರಾಜ್ಯಗಳು ಬೇರೆಯಾಗಿ ಕಾನ್ಫೆಡರಸಿ ಕಟ್ಟಿಕೊಂಡವು. ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಒಕ್ಕೂಟ ಅವುಗಳ ವಿರುದ್ಧ ಹೋರಾಡಿತು. ಸತ್ತವರು 6 ಲಕ್ಷಕ್ಕೂ ಹೆಚ್ಚು. ಮೆಡಲ್ ಆಫ್ ಆನರ್ ಒಕ್ಕೂಟದ ಕಡೆಯವರಿಗೆ ಕೊಟ್ಟದ್ದು. ದಕ್ಷಿಣದವರ ವಿಷಯ ಮುಂದೆ ಬರುತ್ತದೆ.

ಅದಕ್ಕೂ ಮೊದಲು ಅಮೆರಿಕದಲ್ಲಿ ಶೌರ್ಯ ಪದಕವೇ ಇರಲಿಲ್ಲವೇ?

ಹೇಳಿಕೊಳ್ಳುವಂಥದ್ದು ಇರಲಿಲ್ಲ. 1847ರಲ್ಲಿ, ಮೆಕ್ಸಿಕೊ ಯುದ್ಧದ ಹೊತ್ತಿಗೆ, ಸಾಮಾನ್ಯ ಸಿಪಾಯಿಗಳಿಗೆಂದು ಒಂದು ಪ್ರಶಂಸಾಪತ್ರ ಬಂದಿತ್ತು, ಅಷ್ಟೆ. ಪದಕ, ಪಟ್ಟಿ, ಬಿರುದು ಎಲ್ಲ ಯೂರೋಪಿನ ರಾಜರ ದರ್ಬಾರಿನ ಸಂಗತಿ, ಗಣರಾಜ್ಯದ ಪ್ರಜೆಗೆ ಅದೇಕೆ ಎಂಬ ಬಿಗುಮಾನ ಹಳೆಯ ಸೇನಾಧಿಕಾರಿಗಳಲ್ಲಿತ್ತು. ಯುದ್ಧದ ಆರಂಭದಲ್ಲಿ ಸೇನೆಯ ಮುಖ್ಯಸ್ಥರಾಗಿದ್ದ ವಿನ್‌ಫೀಲ್ಡ್ ಸ್ಕಾಟ್ ಪದಕದ ಮಾತಿಗೆ ಒಪ್ಪಲಿಲ್ಲ. ಬ್ರಿಟನ್ ಆಗಷ್ಟೇ, 1856ರಲ್ಲಿ, ವಿಕ್ಟೋರಿಯಾ ಕ್ರಾಸ್ ತಂದಿತ್ತು. ಅದನ್ನು ನೋಡಿಯೇ ಸ್ಕಾಟರಂಥವರಿಗೆ ಇನ್ನಷ್ಟು ಇರಿಸುಮುರಿಸಾಗಿರಬೇಕು ಎಂಬುದು ನನ್ನ ಊಹೆ.

ಹಾಗಿದ್ದರೆ ಪದಕ ಬಂದದ್ದು ಹೇಗೆ? ಮೊದಲು ನಾವಿಕರಿಗಂತೆ, ನಿಜವೇ?

ನಿಜ. ನೌಕಾಪಡೆಗೆ ಸ್ಕಾಟರ ಮಾತು ನಡೆಯುತ್ತಿರಲಿಲ್ಲ! ಅಯೋವಾದ ಸೆನೆಟರ್ ಜೇಮ್ಸ್ ಗ್ರೈಮ್ಸ್ ಮಂಡಿಸಿದ ಮಸೂದೆಗೆ ಲಿಂಕನ್ 1861ರ ಡಿಸೆಂಬರ್ 21ರಂದು ಸಹಿ ಹಾಕಿದರು. ನಾವಿಕರು ಮತ್ತು ಮರೀನ್ ಸಿಪಾಯಿಗಳಿಗೆಂದು 200 ಪದಕ ಮಾಡಿಸಲು ಅನುಮತಿ ಸಿಕ್ಕಿತು. ಮುಂದಿನ ವರ್ಷ ಮ್ಯಾಸಚೂಸೆಟ್ಸ್‌ನ ಸೆನೆಟರ್ ಹೆನ್ರಿ ವಿಲ್ಸನ್ ಭೂಸೇನೆಗೂ ಅಂಥದ್ದೇ ಬೇಕೆಂದರು. 1862ರ ಜುಲೈ 12ರಂದು ಅದಕ್ಕೂ ಸಹಿ ಬಿತ್ತು.

ಎರಡರಲ್ಲೂ ಗಮನಿಸಬೇಕಾದ ಸಂಗತಿ, ಅವು ಕೆಳದರ್ಜೆಯವರಿಗಾಗಿಯೇ ಹುಟ್ಟಿದವು. ಅಧಿಕಾರಿಗಳಿಗೆ ಬಡ್ತಿ ಇದೆ, ಗೌರವ ಪದವಿ ಇದೆ, ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಫಿರಂಗಿಗೆ ಮದ್ದು ತುಂಬುವವನಿಗೆ ಏನಿದೆ? 1863ರ ಮಾರ್ಚ್ 3ರ ಕಾನೂನು ಭೂಸೇನೆಯ ಅಧಿಕಾರಿಗಳಿಗೂ ಬಾಗಿಲು ತೆರೆಯಿತು. ನೌಕಾಪಡೆಯ ಅಧಿಕಾರಿಗಳು ಮಾತ್ರ 1915ರವರೆಗೆ ಹೊರಗೇ ನಿಂತರು. ಈ ತಾರತಮ್ಯ ಒಂದೇ ಮನೆಯ ಇಬ್ಬರನ್ನು ಹೇಗೆ ಬೇರೆ ಮಾಡಿತು ಎಂಬುದನ್ನು ಕೆಳಗೆ ಹೇಳಿದ್ದೇನೆ.

ನೋಡಲು ಹೇಗಿತ್ತು?

ತಲೆಕೆಳಗಾದ ಐದು ಮೂಲೆಯ ನಕ್ಷತ್ರ. ನಡುವೆ ರೋಮನ್ನರ ದೇವತೆ ಮಿನರ್ವಾ ಗುರಾಣಿ ಹಿಡಿದು, ಕೈಯಲ್ಲಿ ಹಾವು ಹಿಡಿದ ‘ಒಡಕು’ ಎಂಬ ವ್ಯಕ್ತಿಯನ್ನು ಹಿಮ್ಮೆಟ್ಟಿಸುತ್ತಿದ್ದಾಳೆ. ಸುತ್ತ 34 ಚಿಕ್ಕ ನಕ್ಷತ್ರ, ಆಗಿದ್ದ ರಾಜ್ಯಗಳ ಲೆಕ್ಕ. ಬೇರೆಯಾಗುತ್ತೇವೆಂದು ಹೊರಟ ರಾಜ್ಯಗಳೂ ಆ 34ರಲ್ಲಿ ಸೇರಿದ್ದವು. ಪದಕದ ಮಟ್ಟಿಗೆ ಒಕ್ಕೂಟ ಒಡೆದೇ ಇರಲಿಲ್ಲ. ನಾವಿಕರದ್ದು ಲಂಗರಿನಿಂದ ತೂಗುತ್ತಿತ್ತು, ಸೈನಿಕರದ್ದು ಫಿರಂಗಿಯ ಮೇಲೆ ಕೂತ ಗರುಡನಿಂದ. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರ ಸಂಘವೊಂದು ಹೆಚ್ಚುಕಡಿಮೆ ಅದೇ ರೂಪದ ಬಿಲ್ಲೆ ಮಾಡಿಸಿಕೊಂಡಿತು. ದೂರದಿಂದ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಕೊನೆಗೆ 1904ರಲ್ಲಿ ಭೂಸೇನೆ ತನ್ನ ಪದಕದ ವಿನ್ಯಾಸವನ್ನೇ ಬದಲಿಸಿತು.

ಮೊತ್ತಮೊದಲು ಯಾರ ಎದೆಗೆ ಬಿತ್ತು?

ಜೇಕಬ್ ಪ್ಯಾರಟ್ ಎಂಬ ಒಹಾಯೊದ ಹುಡುಗನ ಎದೆಗೆ, 1863ರ ಮಾರ್ಚ್ 25ರಂದು. ಅವನಿಗೆ ಇನ್ನೂ 20 ತುಂಬಿರಲಿಲ್ಲ. ಮಾಡಿದ ಕೆಲಸ ರೈಲು ಕಳ್ಳತನ.

1862ರ ಏಪ್ರಿಲ್ 12. ಜೇಮ್ಸ್ ಆಂಡ್ರೂಸ್ ಎಂಬ ನಾಗರಿಕ ಗೂಢಚಾರನ ಹಿಂದೆ ಒಹಾಯೊ ರೆಜಿಮೆಂಟುಗಳ ಸಿಪಾಯಿಗಳು ಮಾಮೂಲಿ ಬಟ್ಟೆ ತೊಟ್ಟು ಜಾರ್ಜಿಯಾದ ಒಳಗೆ ನುಸುಳಿದರು. ಬಿಗ್ ಶ್ಯಾಂಟಿ ಎಂಬ ನಿಲ್ದಾಣದಲ್ಲಿ ರೈಲಿನ ಸಿಬ್ಬಂದಿ, ಪ್ರಯಾಣಿಕರು ತಿಂಡಿಗೆ ಇಳಿದಿದ್ದರು. ಎದುರಿಗೇ ಶತ್ರು ಸೈನ್ಯದ ಬಿಡಾರ. ಇವರು ‘ಜನರಲ್’ ಎಂಬ ಎಂಜಿನನ್ನು ಮೂರು ಡಬ್ಬಿಗಳ ಸಮೇತ ಕಳಚಿಕೊಂಡು ಉತ್ತರಕ್ಕೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ತಂತಿ ಕತ್ತರಿಸುವುದು, ಹಳಿ ಕೀಳುವುದು, ಸೇತುವೆ ಸುಡುವುದು, ಹೀಗೆ ಚಟ್ಟನೂಗಾ ಪಟ್ಟಣಕ್ಕೆ ಸರಬರಾಜು ನಿಲ್ಲಿಸುವುದು ಯೋಜನೆ.

ಆದರೆ ಮಳೆ ಬಂದು ಸೇತುವೆಯ ಮರ ನೆನೆದಿತ್ತು, ಬೆಂಕಿ ಹತ್ತಲೊಲ್ಲದು. ಜೊತೆಗೆ ವಿಲಿಯಂ ಫುಲ್ಲರ್ ಎಂಬ ಕಂಡಕ್ಟರ್! ತನ್ನ ರೈಲನ್ನು ಯಾರೋ ಹೊಡೆದುಕೊಂಡು ಹೋದರೆಂದು ಆತ ಮೊದಲು ಓಡಿಕೊಂಡೇ ಬೆನ್ನಟ್ಟಿದ. ಆಮೇಲೆ ಹಳಿಯ ಮೇಲಿನ ತಳ್ಳುಗಾಡಿ, ಆಮೇಲೆ ಸಿಕ್ಕ ಸಿಕ್ಕ ಎಂಜಿನ್. ಕೊನೆಗೆ ‘ಟೆಕ್ಸಸ್’ ಎಂಬ ಎಂಜಿನನ್ನು ತಿರುಗಿಸಲು ಪುರುಸೊತ್ತಿಲ್ಲದೆ ಹಿಂದುಮುಂದಾಗಿಯೇ ಓಡಿಸಿದ. ಸುಮಾರು 87 ಮೈಲಿ ಈ ಓಟ ನಡೆಯಿತು. ರಿಂಗೋಲ್ಡ್ ದಾಟಿದ ಮೇಲೆ ‘ಜನರಲ್’ಗೆ ಉರುವಲು ಮುಗಿಯಿತು. ಎಲ್ಲರೂ ಕಾಡಿಗೆ ಚದುರಿದರು, ಎಲ್ಲರೂ ಸಿಕ್ಕಿಬಿದ್ದರು. ಆಂಡ್ರೂಸ್ ಮತ್ತು ಇನ್ನೂ ಏಳು ಮಂದಿಗೆ ಗೂಢಚಾರರೆಂದು ಅಟ್ಲಾಂಟಾದಲ್ಲಿ ಗಲ್ಲಾಯಿತು. ಎಂಟು ಮಂದಿ ಜೈಲು ಒಡೆದು ಓಡಿದರು. ಉಳಿದ ಆರು ಮಂದಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ವಾಷಿಂಗ್‌ಟನ್ ತಲುಪಿದಾಗ ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟ್ಯಾಂಟನ್ ತಮ್ಮ ಕಚೇರಿಯಲ್ಲೇ ಪದಕ ಕೊಟ್ಟರು. ಸೆರೆಯಲ್ಲಿ ಹೊಡೆತ ತಿಂದೂ ಬಾಯಿಬಿಡದಿದ್ದ ಪ್ಯಾರಟ್‌ಗೆ ಮೊದಲ ಸರದಿ.

ಅಮೆರಿಕದ ಅತ್ಯುನ್ನತ ಪದಕದ ಲೆಕ್ಕ ಶುರುವಾಗುವುದು ಕೈಗೂಡದ ಒಂದು ಕಾರ್ಯಾಚರಣೆಯಿಂದ. ನನಗೆ ಇದು ಇಷ್ಟವಾದ ಸಂಗತಿ.

ಆ ಒಂದು ಯುದ್ಧಕ್ಕೆ 1,500ಕ್ಕೂ ಹೆಚ್ಚು ಪದಕವೇ? ನಮ್ಮಲ್ಲಿ ಪರಮವೀರ ಚಕ್ರ ಇದುವರೆಗೆ 21 ಮಾತ್ರವಲ್ಲವೇ?

ಹೋಲಿಕೆಯೇ ಎಡವಟ್ಟು. ಪರಮವೀರ ಚಕ್ರದ ಕೆಳಗೆ ಮಹಾವೀರ ಚಕ್ರ, ವೀರ ಚಕ್ರ, ಸೇನಾ ಪದಕ ಎಂದು ಮೆಟ್ಟಿಲುಗಳಿವೆ. 1863ರ ಅಮೆರಿಕದಲ್ಲಿ ಮೆಟ್ಟಿಲು ಇದ್ದದ್ದು ಒಂದೇ. ಶತ್ರುವಿನ ಬುರುಜು ಹತ್ತಿದವನಿಗೂ ಅದೇ, ಗಾಯವಾದರೂ ಜಾಗ ಬಿಡದೆ ನಿಂತವನಿಗೂ ಅದೇ, ಕೆಲವೊಮ್ಮೆ ಒಳ್ಳೆಯ ಶಿಸ್ತಿನ ಸಿಪಾಯಿಗೂ ಅದೇ. ‘ರಣದಲ್ಲಿ ಶೌರ್ಯ ಮತ್ತು ಸೈನಿಕನಿಗೆ ತಕ್ಕ ಇತರ ಗುಣಗಳು’ ಎಂಬ ಅರ್ಥದ ಮಾತು ಮೂಲ ಕಾನೂನಿನಲ್ಲೇ ಇತ್ತು. ಆ ‘ಇತರ ಗುಣ’ದೊಳಗೆ ಏನನ್ನು ಬೇಕಾದರೂ ತುರುಕಬಹುದಿತ್ತು. ಇದುವರೆಗೆ ಕೊಟ್ಟಿರುವ ಒಟ್ಟು 3,500ರಷ್ಟು ಪದಕಗಳಲ್ಲಿ ಶೇ. 40ಕ್ಕೂ ಹೆಚ್ಚು ಈ ನಾಲ್ಕು ವರ್ಷಗಳ ಸಾಹಸಗಳಿಗೆ ಸೇರಿದ್ದು.

ಇನ್ನೊಂದು ವ್ಯತ್ಯಾಸವೂ ಇದೆ. ಪರಮವೀರ ಚಕ್ರ ಎಂದರೆ ನಮ್ಮ ಕಣ್ಣ ಮುಂದೆ ಹಾರ ಹಾಕಿದ ಫೋಟೊ ಬರುತ್ತದೆ, 21ರಲ್ಲಿ 14 ಮರಣೋತ್ತರ. ಅಂತರ್ಯುದ್ಧದ ಪದಕ ಪಡೆದವರಲ್ಲಿ ಬಹುತೇಕರು ಬದುಕಿದ್ದು ಪಡೆದವರು. ಸತ್ತವನಿಗೆ ಪದಕ ಕೊಡುವ ರೂಢಿಯೇ ಆಗ ಗಟ್ಟಿಯಾಗಿರಲಿಲ್ಲ. (ಅಂತರ್ಯುದ್ಧವೆಂಬ ಮಾತು ಬಂದದ್ದಕ್ಕೆ ಹೇಳುತ್ತೇನೆ: ಬೇರೆ ದೇಶದ ಒಳಜಗಳ ತಣಿಸಲು ಹೋಗಿ ಪರಮವೀರ ಚಕ್ರ ಪಡೆದ ನಮ್ಮವರು ಇಬ್ಬರು. 1961ರಲ್ಲಿ ಕಾಂಗೊದಲ್ಲಿ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ, 1987ರಲ್ಲಿ ಶ್ರೀಲಂಕಾದಲ್ಲಿ ಮೇಜರ್ ರಾಮಸ್ವಾಮಿ ಪರಮೇಶ್ವರನ್. ಇಬ್ಬರೂ ಅಲ್ಲೇ ಮಡಿದರು.)

ಬಾವುಟ ಕಿತ್ತುಕೊಂಡದ್ದಕ್ಕೆಲ್ಲ ಪದಕ ಕೊಟ್ಟಿದ್ದಾರಲ್ಲ, ಬಟ್ಟೆಯ ತುಂಡಿಗೆ ಅಷ್ಟು ಬೆಲೆಯೇ?

ಬಟ್ಟೆಯ ತುಂಡು ಎನ್ನುವುದು ಇವತ್ತಿನ ನಮ್ಮ ಮಾತು. ಕರಿಮದ್ದಿನ ಹೊಗೆ ಕವಿದರೆ ಹತ್ತು ಮಾರು ಆಚೆ ಇರುವ ಮನುಷ್ಯ ಕಾಣುತ್ತಿರಲಿಲ್ಲ. ಗದ್ದಲದಲ್ಲಿ ಆಜ್ಞೆ ಕೇಳುತ್ತಿರಲಿಲ್ಲ. ತನ್ನ ರೆಜಿಮೆಂಟ್ ಎಲ್ಲಿದೆ, ಮುಂದೆ ಹೋಗುತ್ತಿದೆಯೋ ಹಿಂದೆ ಸರಿಯುತ್ತಿದೆಯೋ ಎಂದು ತಿಳಿಯಲು ಸಿಪಾಯಿಗೆ ಇದ್ದ ಒಂದೇ ಗುರುತು ಆ ಬಾವುಟ. ಅದು ಬಿದ್ದರೆ ಸಾಲು ಒಡೆಯಿತು. ಹಾಗಾಗಿಯೇ ಎದುರಾಳಿಯ ಗುಂಡುಗಳೆಲ್ಲ ಮೊದಲು ಬಾವುಟ ಹಿಡಿದವನ ಕಡೆಗೇ. ಅವನ ಕೈಯಲ್ಲಿ ಬಂದೂಕೂ ಇರುತ್ತಿರಲಿಲ್ಲ. ಒಬ್ಬ ಬಿದ್ದರೆ ಇನ್ನೊಬ್ಬ ಎತ್ತಿಕೊಳ್ಳಬೇಕು, ಅವನೂ ಬಿದ್ದರೆ ಮತ್ತೊಬ್ಬ.

ಹದಿನೆಂಟು ವರ್ಷದ ಆರ್ಥರ್ ಮೆಕಾರ್ಥರ್ 1863ರ ನವೆಂಬರ್ 25ರಂದು ಮಿಷನರಿ ರಿಡ್ಜ್ ಗುಡ್ಡದ ನೆತ್ತಿಯಲ್ಲಿ 24ನೇ ವಿಸ್ಕಾನ್ಸಿನ್ ರೆಜಿಮೆಂಟಿನ ಬಾವುಟ ನೆಟ್ಟದ್ದು ಹಾಗೆ. ಪದಕ ಬಂದದ್ದು 1890ರಲ್ಲಿ. ಎರಡನೇ ಮಹಾಯುದ್ಧದ ಜನರಲ್ ಡಗ್ಲಸ್ ಮೆಕಾರ್ಥರ್ ಇವರ ಮಗ. ಮಗನಿಗೂ ಇದೇ ಪದಕ ಬಂದು, ತಂದೆ-ಮಗ ಇಬ್ಬರೂ ಪಡೆದ ಮೊದಲ ಜೋಡಿಯಾದರು.

ಶತ್ರುವಿನ ಬಾವುಟ ಕಸಿದವರಲ್ಲಿ ಹೆಸರಾದವನು ಟಾಮ್ ಕಸ್ಟರ್. ಯುದ್ಧದ ಕೊನೆಯ ವಾರದಲ್ಲಿ, 1865ರ ಏಪ್ರಿಲ್ 3ರಂದು ನಮೊಜೀನ್ ಚರ್ಚ್ ಬಳಿ ಒಂದು, 6ರಂದು ಸೇಲರ್ಸ್ ಕ್ರೀಕ್ ಬಳಿ ಇನ್ನೊಂದು ಬಾವುಟ ಹಿಡಿದ. ಎರಡನೆಯ ಸಲ ಗುಂಡು ಮುಖವನ್ನೇ ಹೊಕ್ಕಿತ್ತು. ಮೂರು ದಿನಗಳ ಅಂತರದ ಎರಡು ಸಾಹಸಕ್ಕೆ ಎರಡು ಪದಕ. ಇತಿಹಾಸದಲ್ಲಿ ಎರಡು ಸಲ ಈ ಪದಕ ಪಡೆದವರು 19 ಮಂದಿ ಮಾತ್ರ. ಹನ್ನೊಂದು ವರ್ಷದ ನಂತರ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಮೂಲನಿವಾಸಿಗಳ ವಿರುದ್ಧ ಹೋಗಿ ಅಣ್ಣ ಜಾರ್ಜ್ ಕಸ್ಟರ್ ಜೊತೆಗೇ ಸತ್ತ.

ಕಪ್ಪು ಸೈನಿಕರಿಗೆ ಈ ಪದಕ ಸಿಕ್ಕಿತೇ?

ಸಿಕ್ಕಿತು. ಎರಡು ತಾರೀಖು ನೋಡಿ ಎಂದು ಮೊದಲೇ ಹೇಳಿದ್ದು ಇವರಿಗಾಗಿಯೇ.

ವಿಲಿಯಂ ಕಾರ್ನಿ ವರ್ಜೀನಿಯಾದ ನಾರ್ಫಕ್‌ನಲ್ಲಿ ಗುಲಾಮನಾಗಿ ಹುಟ್ಟಿದವರು. ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನಲ್ಲಿ ಸಾರ್ಜೆಂಟ್. 1863ರ ಜುಲೈ 18ರ ಸಂಜೆ ಚಾರ್ಲ್ಸ್‌ಟನ್ ಸಮೀಪದ ಫೋರ್ಟ್ ವ್ಯಾಗ್ನರ್ ಮೇಲೆ ದಾಳಿ ನಡೆಯಿತು. ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಸತ್ತರು. ಬಾವುಟ ಹಿಡಿದವನು ಬಿದ್ದಾಗ ಕಾರ್ನಿ ಎತ್ತಿಕೊಂಡು ಕೋಟೆಯ ಮಣ್ಣಿನ ದಿಬ್ಬದವರೆಗೆ ಹೋದರು. ದಾಳಿ ಮುರಿದುಬಿತ್ತು. ಮೈಯೆಲ್ಲ ಗುಂಡು ತಿಂದೂ ಬಾವುಟ ಕೆಳಗೆ ತಾಗದಂತೆ ತೆವಳಿಕೊಂಡು ವಾಪಸು ತಂದರು. ನಂತರ ನ್ಯೂ ಬೆಡ್‌ಫರ್ಡ್ ಊರಿನಲ್ಲಿ ಅಂಚೆಯವರಾಗಿ ಮನೆಮನೆಗೆ ಕಾಗದ ಹಂಚುತ್ತ ಬಾಳಿದರು. ಪದಕ ಬಂದದ್ದು 1900ರ ಮೇ 23. ನಡುವೆ 37 ವರ್ಷ.

ಆ ರೆಜಿಮೆಂಟಿನ ಇನ್ನೊಂದು ಸಂಗತಿ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಳ್ಳುತ್ತಿದ್ದರು. 54ನೇ ರೆಜಿಮೆಂಟಿನವರು ಕೊಟ್ಟರೆ ಸಮನಾಗಿ ಕೊಡಿ, ಇಲ್ಲವಾದರೆ ಬೇಡ ಎಂದು ಸಂಬಳವನ್ನೇ ಮುಟ್ಟಲಿಲ್ಲ. ಸರ್ಕಾರ ಬಗ್ಗಿದ್ದು 1864ರಲ್ಲಿ. ಕಾರ್ನಿ ಫೋರ್ಟ್ ವ್ಯಾಗ್ನರ್ ಹತ್ತಿದ್ದು ಸಂಬಳವಿಲ್ಲದ ಆ ದಿನಗಳಲ್ಲೇ.

ಎಲ್ಲರದ್ದೂ ತಡವಾಯಿತೆಂದಲ್ಲ. 1864ರ ಸೆಪ್ಟೆಂಬರ್ 29ರಂದು ದಕ್ಷಿಣದವರ ರಾಜಧಾನಿ ರಿಚ್‌ಮಂಡ್‌ನ ಹೊರವಲಯದ ನ್ಯೂ ಮಾರ್ಕೆಟ್ ಹೈಟ್ಸ್‌ನಲ್ಲಿ ಕಪ್ಪು ರೆಜಿಮೆಂಟುಗಳು ಮರದ ಅಡ್ಡಕಟ್ಟುಗಳನ್ನು ಕಡಿದುಕೊಂಡು ಗುಂಡಿನ ಮಳೆಯಲ್ಲಿ ನುಗ್ಗಿದವು. ಅಧಿಕಾರಿಗಳೆಲ್ಲ ಬಿದ್ದುಹೋದ ಕಂಪನಿಯನ್ನು ಪೌಹಾಟನ್ ಬೀಟಿ ಎಂಬ ಸಾರ್ಜೆಂಟ್ ತಾನೇ ಮುನ್ನಡೆಸಿದರು. ಬಾಲ್ಟಿಮೋರಿನ ಕ್ರಿಶ್ಚಿಯನ್ ಫ್ಲೀಟ್‌ವುಡ್ ಬಿದ್ದ ಬಾವುಟವನ್ನು ಎತ್ತಿ ಹಿಡಿದರು. ಆ ಒಂದೇ ದಿನದ ಕಾಳಗಕ್ಕೆ 14 ಕಪ್ಪು ಸೈನಿಕರು ಪದಕ ಪಡೆದರು. ಹೆಚ್ಚಿನವರಿಗೆ ಅದು ಬಂದದ್ದು 1865ರ ಏಪ್ರಿಲ್‌ನಲ್ಲಿ, ಬರೀ ಆರೇಳು ತಿಂಗಳಲ್ಲಿ. ಕಾರಣ ಅವರ ಮೇಲಧಿಕಾರಿ ಜನರಲ್ ಬೆಂಜಮಿನ್ ಬಟ್ಲರ್ ಹೆಸರುಗಳನ್ನು ಬರೆದು ಬೆನ್ನುಹತ್ತಿದ್ದರು. ಸಾಲದೆಂದು ತಮ್ಮ ಕೈಯಿಂದ ಖರ್ಚು ಹಾಕಿ ಬೆಳ್ಳಿಯ ಪದಕವನ್ನೂ ಮಾಡಿಸಿ ಹಂಚಿದರು. ಬಟ್ಲರ್ ದೊಡ್ಡ ಸೇನಾನಿ ಎಂದು ಯಾರೂ ಹೇಳುವುದಿಲ್ಲ. ಆದರೆ ಈ ವಿಷಯದಲ್ಲಿ ಅವರಿಗೆ ಕೈಮುಗಿಯಬೇಕು.

ಬೆನ್ನುಹತ್ತುವವರಿಲ್ಲದ ಆಂಡ್ರೂ ಜಾಕ್ಸನ್ ಸ್ಮಿತ್ ಅವರ ಕಥೆ ಬೇರೆ. 55ನೇ ಮ್ಯಾಸಚೂಸೆಟ್ಸ್, ಹನಿ ಹಿಲ್, 1864ರ ನವೆಂಬರ್ 30. ಪದಕ: 2001. ಅದನ್ನು ಪಡೆಯಲು ಶ್ವೇತಭವನಕ್ಕೆ ಹೋದದ್ದು ಅವರ ವಂಶದವರು.

ನಾವಿಕರು ಏನು ಮಾಡಿ ಪಡೆದರು?

ಹಡಗಿನಲ್ಲಿ ಓಡಿ ಮುಂದೆ ಹೋಗುವ ಜಾಗವೇ ಇಲ್ಲ. ಅಲ್ಲಿ ಶೌರ್ಯ ಎಂದರೆ ಹೆಚ್ಚಾಗಿ ನಿಂತಲ್ಲೇ ನಿಲ್ಲುವುದು. 1864ರ ಆಗಸ್ಟ್ 5ರಂದು ಮೊಬೈಲ್ ಕೊಲ್ಲಿಯ ಕಾಳಗದಲ್ಲಿ ಅಡ್ಮಿರಲ್ ಫ್ಯಾರಗಟ್ಟರ ‘ಹಾರ್ಟ್‌ಫರ್ಡ್’ ಹಡಗಿನೊಳಗೆ ಮದ್ದುಗುಂಡು ಮೇಲಕ್ಕೆತ್ತುವ ಆರು ಮಂದಿಯ ಮೇಲೆ ಒಂದು ಶೆಲ್ ಬಂದು ಸಿಡಿಯಿತು. ಆರೂ ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಅವರಲ್ಲೊಬ್ಬರಾದ ಜಾನ್ ಲಾಸನ್ ಎಂಬ ಕಪ್ಪು ನಾವಿಕ ಕಾಲಿಗೆ ಪೆಟ್ಟಾಗಿ ಹಡಗಿನ ಗೋಡೆಗೆ ಅಪ್ಪಳಿಸಿ ಬಿದ್ದರು. ಚೇತರಿಸಿಕೊಂಡು ಎದ್ದವರು ಕೆಳಗೆ ಹೋಗು ಎಂದರೂ ಹೋಗದೆ ಯುದ್ಧ ಮುಗಿಯುವವರೆಗೆ ಮದ್ದು ಎತ್ತುತ್ತಲೇ ಇದ್ದರು.

ನೌಕಾಪಡೆಯ ಕೆಲವು ಪದಕಗಳು ಹೋರಾಟಕ್ಕಲ್ಲ, ಬೆಂಕಿಯಿಂದ, ನೀರಿನಿಂದ ಜನರನ್ನು ಉಳಿಸಿದ್ದಕ್ಕೂ ಸಿಕ್ಕಿವೆ. ಪದಕ ಪಡೆದ ಮೇಲೆ ಹಡಗು ಬಿಟ್ಟು ಪರಾರಿಯಾದ ಕೆಲವರದ್ದು ರದ್ದಾಗಿದೆ.

ಕೈಗೆ ಪದಕ ಪಡೆದ ಮೊದಲ ಕಪ್ಪು ಮನುಷ್ಯನೂ ನಾವಿಕನೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ರಾಬರ್ಟ್ ಬ್ಲೇಕ್ ‘ಮಾರ್ಬಲ್‌ಹೆಡ್’ ಹಡಗಿನಲ್ಲಿ ಕ್ಯಾಪ್ಟನ್ನರ ಊಟೋಪಚಾರ ನೋಡಿಕೊಳ್ಳುತ್ತಿದ್ದರು. 1863ರ ಕ್ರಿಸ್‌ಮಸ್ ಬೆಳಗ್ಗೆ ದಾಳಿಯಾದಾಗ ಮದ್ದು ತರುವ ಹುಡುಗ ಸತ್ತುಬಿದ್ದ. ಬ್ಲೇಕ್ ಯಾರೂ ಹೇಳದೆಯೇ ಅವನ ಜಾಗಕ್ಕೆ ನಿಂತರು. ಪದಕ: 1864ರ ಏಪ್ರಿಲ್.

ನೌಕಾಪಡೆಯ ಅಧಿಕಾರಿಗಳಿಗೆ ಏನೂ ಸಿಗಲಿಲ್ಲವೇ?

ಅಣ್ಣ ತಮ್ಮ ಕುಶಿಂಗರ ಕಥೆ ಕೇಳಿ. ವಿಸ್ಕಾನ್ಸಿನ್‌ನ ಡೆಲಫೀಲ್ಡ್‌ನವರು. ತಮ್ಮ ವಿಲಿಯಂ ನೌಕಾ ಅಕಾಡೆಮಿಯಿಂದ ಹೊರದಬ್ಬಿಸಿಕೊಂಡಿದ್ದ ತುಂಟ. 1864ರ ಅಕ್ಟೋಬರ್ 27ರ ರಾತ್ರಿ ಒಂದು ಸಣ್ಣ ದೋಣಿಯ ಮೂತಿಗೆ ಉದ್ದನೆಯ ಗಳು ಕಟ್ಟಿ, ಗಳುವಿನ ತುದಿಗೆ ಸಿಡಿಮದ್ದು ಸಿಕ್ಕಿಸಿ, ರೋನೋಕ್ ನದಿಯಲ್ಲಿ ನಿಂತಿದ್ದ ಶತ್ರುಗಳ ‘ಆಲ್ಬಮಾರ್ಲ್’ ಎಂಬ ಕಬ್ಬಿಣದ ಕವಚದ ಹಡಗಿಗೆ ಗುದ್ದಿ ಮುಳುಗಿಸಿದ. ಈಜಿಕೊಂಡು ತಪ್ಪಿಸಿಕೊಂಡು ಬಂದ. ಅವನ ಜೊತೆಗಿದ್ದ ನಾವಿಕರಿಗೆ ಪದಕ ಬಂತು. ಅವನು ಅಧಿಕಾರಿಯಾದ್ದರಿಂದ ಬರಲಿಲ್ಲ. ಸಂಸತ್ತಿನ ಕೃತಜ್ಞತೆ, ಬಡ್ತಿ ಸಿಕ್ಕವು.

ಅಣ್ಣ ಅಲೊಂಜೊ ಭೂಸೇನೆಯ ಫಿರಂಗಿದಳದಲ್ಲಿ ಲೆಫ್ಟಿನೆಂಟ್. 1863ರ ಜುಲೈ 3ರಂದು ಗೆಟಿಸ್‌ಬರ್ಗ್‌ನಲ್ಲಿ ‘ಪಿಕೆಟ್ ದಾಳಿ’ ಎಂದು ಹೆಸರಾದ ದಕ್ಷಿಣದವರ ನುಗ್ಗಾಟ ಎದುರಿಸುವಾಗ ಭುಜಕ್ಕೆ, ಹೊಟ್ಟೆಗೆ ಪೆಟ್ಟಾದರೂ ಹಿಂದೆ ಸರಿಯಲಿಲ್ಲ. ದನಿ ಏಳದೆ ಹೋದಾಗ ಸಾರ್ಜೆಂಟ್ ಫ್ರೆಡರಿಕ್ ಫ್ಯೂಗರ್ ಅವನನ್ನು ಹಿಡಿದು ನಿಲ್ಲಿಸಿ, ಅವನ ಆಜ್ಞೆಗಳನ್ನು ತಾನು ಕೂಗಿ ಹೇಳುತ್ತಿದ್ದ. ಅಲೊಂಜೊ ಅಲ್ಲೇ ಸತ್ತ, ವಯಸ್ಸು 22. ಫ್ಯೂಗರ್‌ಗೆ 1897ರಲ್ಲಿ ಪದಕ ಬಂತು. ಅಲೊಂಜೊಗೆ ಬಂದದ್ದು 2014ರ ನವೆಂಬರ್ 6ರಂದು, ಅಧ್ಯಕ್ಷ ಒಬಾಮಾ ಕೈಯಿಂದ. ಡೆಲಫೀಲ್ಡ್‌ನ ಒಬ್ಬ ಅಜ್ಜಿ ದಶಕಗಳ ಕಾಲ ಜನಪ್ರತಿನಿಧಿಗಳಿಗೆ ಪತ್ರ ಬರೆದು ಬರೆದು ಇದನ್ನು ಸಾಧಿಸಿದರು. ತಮ್ಮನಿಗೆ ಇಂದಿಗೂ ಇಲ್ಲ.

ಪಡೆದವರಲ್ಲಿ ಹೆಂಗಸರು ಇದ್ದಾರೆಯೇ?

ಒಬ್ಬರೇ. ಆ ಯುದ್ಧದಲ್ಲಿ ಮಾತ್ರವಲ್ಲ, ಪದಕದ ಇಡೀ ಚರಿತ್ರೆಯಲ್ಲಿ ಒಬ್ಬರೇ: ಡಾಕ್ಟರ್ ಮೇರಿ ವಾಕರ್. ಗುತ್ತಿಗೆಯ ಮೇಲೆ ಸೇನೆಯ ಶಸ್ತ್ರವೈದ್ಯೆ. 1864ರ ಏಪ್ರಿಲ್‌ನಲ್ಲಿ ಶತ್ರುಗಳ ಕೈಗೆ ಸಿಕ್ಕಿ ರಿಚ್‌ಮಂಡ್ ಜೈಲಿನಲ್ಲಿ ನಾಲ್ಕು ತಿಂಗಳು ಇದ್ದರು. 1865ರ ನವೆಂಬರ್‌ನಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಪದಕ ಮಂಜೂರು ಮಾಡಿದರು. ಜೀವನವಿಡೀ ಪ್ಯಾಂಟು, ಕೋಟು ತೊಟ್ಟರು. ಅದಕ್ಕಾಗಿ ಪೊಲೀಸರು ಹಿಡಿದದ್ದೂ ಉಂಟು. 1917ರಲ್ಲಿ ನೀವು ಸೇನೆಯವರಲ್ಲ, ನಾಗರಿಕರು ಎಂದು ಹೇಳಿ ಹೆಸರು ಹೊಡೆದುಹಾಕಿದರು. ಅವರು ಕ್ಯಾರೇ ಎನ್ನಲಿಲ್ಲ. 1919ರಲ್ಲಿ ತೀರಿಕೊಳ್ಳುವವರೆಗೂ ಕೋಟಿನ ಮೇಲೆ ಪದಕ ತೊಟ್ಟೇ ಓಡಾಡಿದರು. 1977ರಲ್ಲಿ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿದರು.

ಅತಿ ಚಿಕ್ಕವಯಸ್ಸಿನವರು?

ವಿಲ್ಲಿ ಜಾನ್‌ಸ್ಟನ್, 3ನೇ ವರ್ಮಾಂಟ್ ರೆಜಿಮೆಂಟಿನ ತಮಟೆ ಹುಡುಗ. 1862ರ ಬೇಸಿಗೆಯಲ್ಲಿ ಏಳು ದಿನಗಳ ಹಿಮ್ಮೆಟ್ಟುವಿಕೆಯಲ್ಲಿ ದೊಡ್ಡವರೆಲ್ಲ ಭಾರವೆಂದು ಸಾಮಾನು ಎಸೆದು ಬಂದರೆ, 11ರ ಈ ಹುಡುಗ ತನ್ನ ತಮಟೆಯನ್ನು ಹೊತ್ತು ತಂದ. 13ನೇ ವಯಸ್ಸಿಗೆ ಪದಕ.

900ಕ್ಕೂ ಹೆಚ್ಚು ಪದಕ ವಾಪಸು ತೆಗೆದುಕೊಂಡರಂತೆ, ಯಾಕೆ?

1916-17ರಲ್ಲಿ ಐವರು ನಿವೃತ್ತ ಜನರಲ್‌ಗಳ ಮಂಡಳಿ ಹಳೆಯ 2,625 ಪದಕಗಳನ್ನು ಒಂದೊಂದಾಗಿ ಕೆದಕಿ ನೋಡಿ 911 ಹೆಸರು ಅಳಿಸಿತು. ಅಧ್ಯಕ್ಷತೆ ವಹಿಸಿದ್ದ ನೆಲ್ಸನ್ ಮೈಲ್ಸ್ ಸ್ವತಃ ಅಂತರ್ಯುದ್ಧದ ಪದಕ ಪಡೆದವರು. 911ರಲ್ಲಿ 864 ಒಂದೇ ರೆಜಿಮೆಂಟಿನವು: 27ನೇ ಮೇಯ್ನ್.

ಇವರು ಒಂಬತ್ತು ತಿಂಗಳಿಗೆಂದು ಸೇರಿದವರು. 1863ರ ಜೂನ್ ಕೊನೆಗೆ ಅವಧಿ ಮುಗಿಯಿತು, ಆಗಲೇ ಲೀ ಉತ್ತರಕ್ಕೆ ನುಗ್ಗಿದ್ದ. ರಾಜಧಾನಿ ಕಾಯಲು ಇನ್ನು ಕೆಲವು ದಿನ ಉಳಿದರೆ ಪದಕ ಕೊಡುತ್ತೇವೆಂದು ಸ್ಟ್ಯಾಂಟನ್ ಮಾತು ಕೊಟ್ಟರು. ಸುಮಾರು 300 ಮಂದಿ ಉಳಿದರು, ಮಿಕ್ಕವರು ಊರಿಗೆ ಹೊರಟರು. ಗೆಟಿಸ್‌ಬರ್ಗ್ ಗೆದ್ದದ್ದರಿಂದ ಉಳಿದವರಿಗೂ ಗುಂಡು ಹಾರಿಸುವ ಪ್ರಸಂಗ ಬರಲಿಲ್ಲ. ಉಳಿದವರ ಸರಿಯಾದ ಪಟ್ಟಿ ಸಿಗದೆ, ಕಚೇರಿಯವರು ರೆಜಿಮೆಂಟಿನ ಎಲ್ಲರ ಹೆಸರಿಗೂ ಪದಕ ಕೆತ್ತಿಸಿ ಕಳಿಸಿಬಿಟ್ಟರು! ಕರ್ನಲ್ ಮಾರ್ಕ್ ವೆಂಟ್‌ವರ್ತ್ ಮುಜುಗರಪಟ್ಟು ಉಳಿದವರಿಗಷ್ಟೇ ಹಂಚಿ, ಮಿಕ್ಕದ್ದನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಲಿಂಕನ್ನರ ಪಾರ್ಥಿವ ಶರೀರದ ಜೊತೆ ಹೋದ 29 ಮಂದಿ ಕಾವಲಿನವರ ಪದಕವೂ ಹೋಯಿತು.

ಮೂವತ್ತು ವರ್ಷ ಬಿಟ್ಟು ತಾವೇ ಅರ್ಜಿ ಹಾಕಿ ಪಡೆದವರಿದ್ದಾರಂತೆ?

ಬೇಕಾದಷ್ಟು. 1890ರ ದಶಕದಲ್ಲಿ ನೂರಾರು ಮಂದಿ ಹಾಗೆ ಪಡೆದರು. ಗೆಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದಲ್ಲಿ ಗುಂಡು ಮುಗಿದಾಗ ಬಯೊನೆಟ್ ಸಿಕ್ಕಿಸಿ ಕೆಳಗೆ ನುಗ್ಗಿದ 20ನೇ ಮೇಯ್ನ್‌ನ ಜೋಶುವಾ ಚೇಂಬರ್ಲೇನ್‌ಗೂ ಪದಕ ಬಂದದ್ದು 1893ರಲ್ಲೇ. ಆಗ ಬಹುಮಂದಿ ಐವತ್ತು ದಾಟಿದವರು. ನೆನಪು ಕತೆಯಾಗಿ ಬೆಳೆಯುವ ವಯಸ್ಸು. 1897ರಲ್ಲಿ ಸರ್ಕಾರ ನಿಯಮ ಬಿಗಿ ಮಾಡಿ, ಗಟ್ಟಿ ಸಾಕ್ಷ್ಯ ಬೇಕೆಂದಿತು. ತಡವಾಗಿ ಪಡೆದದ್ದೆಲ್ಲ ಟೊಳ್ಳು ಎನ್ನುವುದು ಮಾತ್ರ ಅನ್ಯಾಯ. ಕಾರ್ನಿಯೂ ತಡವಾಗಿ ಪಡೆದವರೇ.

ದಕ್ಷಿಣದ ಕಡೆಯವರಿಗೆ ಪದಕ ಇರಲಿಲ್ಲವೇ?

1862ರ ಅಕ್ಟೋಬರ್‌ನಲ್ಲಿ ಕಾನ್ಫೆಡರಸಿಯ ಸಂಸತ್ತು ಪದಕಕ್ಕೆ ಒಪ್ಪಿಗೆ ಕೊಟ್ಟಿತು, ಮಾಡಿಸಲು ಆಗಲಿಲ್ಲ. ಬದಲಿಗೆ ‘ಗೌರವ ಪಟ್ಟಿ’ ಎಂದು ಹೆಸರು ಬರೆದು ಪತ್ರಿಕೆಗಳಲ್ಲಿ ಹಾಕಿಸುತ್ತಿದ್ದರು. ಕೈಯಲ್ಲಿ ಹಿಡಿಯುವಂಥ ಪದಕ ಎಂದರೆ 1863ರ ಸೆಪ್ಟೆಂಬರ್ 8ರಂದು ಟೆಕ್ಸಸ್‌ನ ಸಬೀನ್ ಪಾಸ್‌ನಲ್ಲಿ ಒಕ್ಕೂಟದ ನೌಕಾಪಡೆಯನ್ನೇ ಹಿಂದಿರುಗಿಸಿದ ನಲವತ್ತು ಚಿಲ್ಲರೆ ಐರಿಷ್ ಫಿರಂಗಿಯವರಿಗೆ ಬೆಳ್ಳಿ ನಾಣ್ಯ ಉಜ್ಜಿ ಮಾಡಿಕೊಟ್ಟದ್ದು. 1900ರಿಂದ ಹಂಚಿದ ‘ಸದರ್ನ್ ಕ್ರಾಸ್’ ಒಂದು ಮಹಿಳಾ ಸಂಘ ಕೊಟ್ಟದ್ದು, ಯುದ್ಧಕಾಲದ ಪದಕವಲ್ಲ.

ದುಡ್ಡು ಬರುತ್ತಿತ್ತೇ? ಹಳೆಯ ಪದಕ ಕೊಳ್ಳಬಹುದೇ?

ಮೊದಲು ಏನೂ ಇರಲಿಲ್ಲ. 1916ರಿಂದ, 65 ತುಂಬಿದವರಿಗೆ ತಿಂಗಳಿಗೆ 10 ಡಾಲರ್. ಕೊಳ್ಳುವ ಯೋಚನೆ ಬಿಡಿ, ಅಮೆರಿಕದಲ್ಲಿ ಈ ಪದಕ ಮಾರುವುದೇ ಅಪರಾಧ.

ಈ ಯುದ್ಧಕ್ಕೂ ನಮ್ಮ ಕಡೆಗೂ ಏನಾದರೂ ಸಂಬಂಧ?

ಪದಕ ಪಡೆದವರಲ್ಲಿ ಕನ್ನಡಿಗರನ್ನು ಹುಡುಕಬೇಡಿ. ಆದರೆ ಯುದ್ಧದ ಬಿಸಿ ನಮ್ಮ ಬಯಲುಸೀಮೆಗೆ ಚೆನ್ನಾಗಿಯೇ ತಟ್ಟಿತ್ತು. ಒಕ್ಕೂಟದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ನಿಂತಿತು, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಅಮೆರಿಕದ ಬೀಜದಿಂದಲೇ ಒಗ್ಗಿಸಿದ ‘ಧಾರವಾಡ-ಅಮೆರಿಕನ್’ ತಳಿ ಅಲ್ಲಿ ಆಗಲೇ ಬೆಳೆಯುತ್ತಿತ್ತು. ಆ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಹಾಕಬೇಕೆಂಬ ಮುಂಬಯಿ ವರ್ತಕರ ಒತ್ತಾಯ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದಿನ ದೊಡ್ಡ ಕಾರಣ.

ಇನ್ನೊಂದು ಸಂಬಂಧ ಕಡಲಿನದು. ದಕ್ಷಿಣದವರ ‘ಅಲಬಾಮಾ’ ಹಡಗು ಉತ್ತರದ ವ್ಯಾಪಾರಿ ಹಡಗುಗಳನ್ನು ಹುಡುಕಿ ಸುಡುತ್ತ ನಮ್ಮ ಸಮುದ್ರಕ್ಕೂ ಬಂದಿತ್ತು. 1864ರ ಜನವರಿಯಲ್ಲಿ ಮಲಬಾರ್ ತೀರದಾಚೆ ‘ಎಮ್ಮಾ ಜೇನ್’ ಎಂಬುದನ್ನು ಸುಟ್ಟು, ಅದರಲ್ಲಿದ್ದವರನ್ನು ಕೇರಳದ ಅಂಚುತೆಂಗಿನಲ್ಲಿ ಇಳಿಸಿ ಹೋಯಿತು. ಅದೇ ವರ್ಷದ ಜೂನ್ 19ರಂದು ಫ್ರಾನ್ಸಿನ ಶೆರ್ಬೋರ್ ಬಂದರಿನೆದುರು, ದಡದಲ್ಲಿ ಜನ ನಿಂತು ನೋಡುತ್ತಿರುವಾಗಲೇ, ಒಕ್ಕೂಟದ ‘ಕಿಯರ್‌ಸಾರ್ಜ್’ ಹಡಗು ಅದನ್ನು ಒಂದು ಗಂಟೆಯಲ್ಲಿ ಮುಳುಗಿಸಿತು. ‘ಕಿಯರ್‌ಸಾರ್ಜ್’ನ 17 ನಾವಿಕರಿಗೆ ಮೆಡಲ್ ಆಫ್ ಆನರ್ ಸಿಕ್ಕಿತು.

ಪಟ್ಟಿ ಈಗ ಮುಗಿದಂತೆಯೇ?

ಇಲ್ಲ. 2024ರ ಜುಲೈ 3ರಂದು ಅಧ್ಯಕ್ಷ ಬೈಡನ್ ಇನ್ನಿಬ್ಬರ ವಂಶದವರ ಕೈಗೆ ಪದಕ ಕೊಟ್ಟರು: ಫಿಲಿಪ್ ಶ್ಯಾಡ್ರಾಕ್, ಜಾರ್ಜ್ ವಿಲ್ಸನ್. ಅದೇ ರೈಲು ಕದ್ದವರು, ಗಲ್ಲಿಗೇರಿದ ಸಿಪಾಯಿಗಳು. ಜೊತೆಯವರಲ್ಲಿ ಹೆಚ್ಚಿನವರಿಗೆ ಯುದ್ಧದ ಕಾಲದಲ್ಲೇ ಸಿಕ್ಕಿದ್ದು ಇವರಿಗೆ ಬರಲು 162 ವರ್ಷ ಹಿಡಿಯಿತು.

ಆ ‘ಜನರಲ್’ ಎಂಜಿನ್ ಬಿಗ್ ಶ್ಯಾಂಟಿಯಲ್ಲೇ ಇದೆ. ಊರಿನ ಈಗಿನ ಹೆಸರು ಕೆನೆಸಾ. ಬೆನ್ನಟ್ಟಿದ ‘ಟೆಕ್ಸಸ್’ ಅಟ್ಲಾಂಟಾದ ವಸ್ತುಸಂಗ್ರಹಾಲಯದಲ್ಲಿದೆ. ಗಲ್ಲಿಗೇರಿದ ಎಂಟು ಮಂದಿಯ ಸಮಾಧಿ ಚಟ್ಟನೂಗಾದ ರಾಷ್ಟ್ರೀಯ ಸ್ಮಶಾನದಲ್ಲಿ, ಎಂಜಿನ್ನಿನದೇ ಕಂಚಿನ ಪ್ರತಿಮೆಯ ಪಕ್ಕದಲ್ಲಿ ಇದೆ. ಅವರ ನಡುವೆ ಮಲಗಿರುವ ಮುಂದಾಳು ಜೇಮ್ಸ್ ಆಂಡ್ರೂಸ್ ಸೇನೆಗೆ ಸೇರಿದವನಲ್ಲ. ಹಾಗಾಗಿ ಅವನಿಗೆ ಪದಕವಿಲ್ಲ.